ಮೇಲಿನವರ ಹೊಲ, ಕೆಳಗಿನವರ ಮನೆ

(ಮಳೆಗಾಲಕ್ಕೆ ಮುನ್ನ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನವರಿಗೆ ಮಳೆಯ ಲೆಕ್ಕ ಹೇಳಿ ಬೆರಗುಗೊಳಿಸುವುದು ಸುಲಭವಲ್ಲ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿನಲ್ಲಿ 2000 ಮಿ.ಮೀ. ದಾಟುವುದು ಅಪರೂಪವೇನೂ ಅಲ್ಲ. ಹೀಗಿರುವಾಗ, 1998ರ ಅಕ್ಟೋಬರ್ ಕೊನೆಯ ವಾರದಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಚೊಲುತೆಕಾ ಎಂಬ ಊರಿನಲ್ಲಿ ಸುಮಾರು 900 ಮಿ.ಮೀ. ಮಳೆ ಸುರಿಯಿತು ಎಂದರೆ, "ಅಷ್ಟೇ ಏನು?" ಎಂದು ಇಲ್ಲಿ ಯಾರಾದರೂ ಕೇಳಿಯಾರು. ಆ ಒಂದು ವಾರದ ಮಳೆಗೆ ಹೊಂಡುರಾಸ್ ಮತ್ತು ಅದರ ನೆರೆಯ ನಿಕರಾಗುವಾ ದೇಶಗಳಲ್ಲಿ ಒಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಾಣೆಯಾದವರು ಇನ್ನೂ ಸಾವಿರಾರು ಮಂದಿ. ಅಲ್ಲಿನ ಗುಡ್ಡಗಳಲ್ಲಿಯೂ ಕಾಫಿ ಇದೆ, ಬಾಳೆ ಇದೆ, ಇಳಿಜಾರಿನ ಮೇಲೆ ಬದುಕು ಕಟ್ಟಿಕೊಂಡ ಸಣ್ಣ ರೈತರಿದ್ದಾರೆ. ಆದ್ದರಿಂದಲೇ ಅವರ ಕಥೆ ಮಲೆನಾಡಿಗೆ ದೂರದ್ದಲ್ಲ.

ಆ ಮಳೆಯನ್ನು ತಂದದ್ದು 'ಮಿಚ್' ಎಂಬ ಚಂಡಮಾರುತ. ಅಕ್ಟೋಬರ್ 26ರಂದು ಸಮುದ್ರದ ಮೇಲಿದ್ದಾಗ ಅದರ ಗಾಳಿಯ ವೇಗ ಗಂಟೆಗೆ ಸುಮಾರು 285 ಕಿ.ಮೀ. ಇತ್ತು. ಆದರೆ ಜನರನ್ನು ಕೊಂದದ್ದು ಮುಖ್ಯವಾಗಿ ಗಾಳಿಯಲ್ಲ. ಹೊಂಡುರಾಸಿನ ಕರಾವಳಿಯ ಎದುರಿಗೆ ಬಂದು ಅದು ಹೆಚ್ಚುಕಡಿಮೆ ನಿಂತೇ ಬಿಟ್ಟಿತು. 29ರಂದು ನೆಲ ಮುಟ್ಟುವ ಹೊತ್ತಿಗೆ ಗಾಳಿ ಬಹಳ ಕುಗ್ಗಿತ್ತು. ಆಮೇಲೆ ಒಂದು ಸಾಧಾರಣ ಬಿರುಗಾಳಿಯಾಗಿ, ಆದರೆ ಹೊಟ್ಟೆಯ ತುಂಬ ಎರಡು ಸಾಗರಗಳ ನೀರನ್ನು ಹೊತ್ತುಕೊಂಡು, ಪರ್ವತಗಳ ಮೇಲೆ ತೆವಳಿಕೊಂಡು ಹೋಯಿತು. ಓಡಿಹೋಗುವ ಚಂಡಮಾರುತಕ್ಕಿಂತ ನಿಂತು ಸುರಿಯುವುದು ಎಷ್ಟೋ ಪಾಲು ಹೆಚ್ಚು ಅಪಾಯಕರ. ಗಾಳಿಯ ವೇಗವನ್ನಷ್ಟೇ ಕೇಳಿ ನಿಟ್ಟುಸಿರು ಬಿಟ್ಟವರು ಆಗ ಮೋಸಹೋದರು.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಬೇಕು. ಒಂದು ಎಕರೆಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರಾಗುತ್ತದೆ. ನಾಲ್ಕು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ನೂರು ಟ್ಯಾಂಕರು. ಈ ನೀರು ಒಂದು ತಿಂಗಳಲ್ಲಿ ಬಿದ್ದರೆ ಮಣ್ಣು ಕುಡಿಯುತ್ತದೆ, ಬೇರು ಕುಡಿಯುತ್ತದೆ, ಉಳಿದದ್ದು ತಿಳಿಯಾಗಿ ಹಳ್ಳಕ್ಕೆ ಇಳಿಯುತ್ತದೆ. ಅದೇ ನೀರು ಮೂರು ಗಂಟೆಗಳಲ್ಲಿ ಬಿದ್ದರೆ ಎಲ್ಲವೂ ಆ ಎಕರೆಯ ಮೇಲ್ಮೈ ಹೇಗಿದೆ ಎಂಬುದನ್ನು ಅವಲಂಬಿಸುತ್ತದೆ. ತರಗೆಲೆಯ ಹೊದಿಕೆ ಇರುವ ಮಣ್ಣಿನಲ್ಲಿ ಹನಿಯ ಪೆಟ್ಟು ಎಲೆಯ ಮೇಲೆ ಬೀಳುತ್ತದೆ. ಎರೆಹುಳು ಮತ್ತು ಬೇರುಗಳು ಕೊರೆದ ಸಾವಿರ ಸಣ್ಣ ರಂಧ್ರಗಳ ಮೂಲಕ ನೀರು ಒಳಗೆ ಹೋಗುತ್ತದೆ. ಬೋಳು ಮಣ್ಣಿನಲ್ಲಿ ಹನಿಯ ಪೆಟ್ಟಿಗೆ ಮಣ್ಣಿನ ಕಣಗಳು ಒಡೆದು ಆ ರಂಧ್ರಗಳನ್ನೇ ಮುಚ್ಚುತ್ತವೆ. ಹತ್ತೇ ನಿಮಿಷಗಳಲ್ಲಿ ಹೊಲ ಒಂದು ಹೆಂಚಿನ ಮಾಡಿನಂತಾಗುತ್ತದೆ. ಮಾಡಿನ ನೀರು ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ. ದಿಢೀರ್ ನೆರೆ ಹುಟ್ಟುವುದು ಹೊಳೆಯಲ್ಲಿ ಅಲ್ಲ, ಇಂತಹ ನೂರಾರು ಹೊಲಗಳ ಮೇಲೆ. ಹೊಳೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಅಷ್ಟೇ.

ಹೊಂಡುರಾಸ್ ಮತ್ತು ನಿಕರಾಗುವಾಗಳ ಫಲವತ್ತಾದ ಬಯಲು ಬಹುತೇಕ ಬಾಳೆಯ ಕಂಪನಿಗಳದ್ದು, ಹತ್ತಿ ಮತ್ತು ಕಬ್ಬಿನ ದೊಡ್ಡ ಹಿಡುವಳಿದಾರರದ್ದು, ದನ ಸಾಕುವ ಧನಿಗಳದ್ದು. ಸಣ್ಣ ರೈತನಿಗೆ ಉಳಿದದ್ದು ಇಳಿಜಾರು. ಅಲ್ಲಿ ಅವನು ಕಾಡು ಕಡಿದು, ಸುಟ್ಟು, ಮೆಕ್ಕೆಜೋಳ ಬಿತ್ತಿದ. ಎರಡು ಮೂರು ಬೆಳೆಗೆ ಮಣ್ಣು ಸೋತಿತು. ಮತ್ತೂ ಮೇಲಕ್ಕೆ ಹೋದ. ನಗರಗಳಲ್ಲಿಯೂ ಇದೇ ಕಥೆ. ರಾಜಧಾನಿ ತೆಗುಸಿಗಾಲ್ಪಾದ ಬಡವರು ಹೊಳೆಯ ದಂಡೆಯಲ್ಲೂ ಗುಡ್ಡದ ಮಗ್ಗುಲಲ್ಲೂ ಗುಡಿಸಲು ಕಟ್ಟಿಕೊಂಡಿದ್ದರು. ಮಿಚ್ ಬಂದಾಗ ಎಲ್ ಬೆರಿಂಚೆ ಎಂಬ ಗುಡ್ಡ ಜಾರಿ ಹೊಳೆಗೇ ಅಡ್ಡಬಿದ್ದು, ನಗರದ ನಡುಭಾಗ ಮುಳುಗಿತು. ಇದನ್ನು 'ಪ್ರಕೃತಿ ವಿಕೋಪ' ಎಂದು ಕರೆಯುವುದು ವಾಡಿಕೆ. ಆ ಪದದೊಳಗೆ ಜಮೀನಿನ ಹಂಚಿಕೆಯ ಅನ್ಯಾಯ ಬಹಳ ಸುಲಭವಾಗಿ ಅಡಗಿಕೊಳ್ಳುತ್ತದೆ.

ನಿಕರಾಗುವಾದ ವಾಯವ್ಯ ಭಾಗದಲ್ಲಿ ಕಸೀಟಾ ಎಂಬ ಹಳೆಯ ಜ್ವಾಲಾಮುಖಿ ಬೆಟ್ಟವಿದೆ. ಬೆಂಕಿ ಉಗುಳದೆ ಎಷ್ಟೋ ಕಾಲವಾಗಿತ್ತು. ಅದರ ತುದಿಯ ಬಂಡೆ ಒಳಗೊಳಗೇ ಶಿಥಿಲವಾಗಿ ಜೇಡಿಯಾಗಿತ್ತು. 1998ರ ಅಕ್ಟೋಬರ್ 30ರಂದು, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ತುದಿಯ ಬಳಿ ಒಂದು ಮಗ್ಗುಲು ಕಳಚಿತು. ಕಳಚಿದ ಭಾಗ ಮಹಾ ದೊಡ್ಡದೇನಲ್ಲ. ಆದರೆ ಕೆಳಗೆ ಧಾವಿಸುತ್ತ ಅದು ದಾರಿಯ ನೆನೆದ ಮಣ್ಣನ್ನೂ ಮರಗಳನ್ನೂ ಬಂಡೆಗಳನ್ನೂ ನುಂಗಿಕೊಂಡು ಹಲವು ಪಟ್ಟು ಬೆಳೆಯಿತು. ಕೆಲವೇ ನಿಮಿಷಗಳಲ್ಲಿ ಬುಡದ ಎರಡು ಹಳ್ಳಿಗಳು, ಎಲ್ ಪೊರ್ವೆನೀರ್ ಮತ್ತು ರೊಲಾಂದೊ ರೊದ್ರೀಗೆಸ್, ಇಲ್ಲವಾದವು. ಎರಡು ಸಾವಿರಕ್ಕೂ ಹೆಚ್ಚು ಜನ ಕೆಸರಿನಲ್ಲಿ ಹೂತುಹೋದರು. ಆ ಸದ್ದನ್ನು ಕೇಳಿ, ನೆರವಿಗೆ ಹೆಲಿಕಾಪ್ಟರ್ ಬರುತ್ತಿದೆಯೆಂದು ತಿಳಿದವರಿದ್ದರಂತೆ. ಎಲ್ ಪೊರ್ವೆನೀರ್ ಎಂಬ ಹೆಸರಿಗೆ ಅವರ ಭಾಷೆಯಲ್ಲಿ 'ಭವಿಷ್ಯ' ಎಂದು ಅರ್ಥ. ಆ ಹಳ್ಳಿಗಳು ನಿಂತಿದ್ದ ನೆಲ ಫಲವತ್ತಾಗಿತ್ತು, ಏಕೆಂದರೆ ಅದು ಹಿಂದಿನ ಕಾಲದ ಇಂತಹ ಕುಸಿತಗಳೇ ತಂದು ಹರಡಿದ ಮಣ್ಣು.

ಸತ್ತವರ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಬದುಕಿದವರ ಪಾಡು ಅಷ್ಟಾಗಿ ಬರಲಿಲ್ಲ. ಹೊಂಡುರಾಸಿನಲ್ಲಿ ಬೆಳೆಯ ಬಹುಪಾಲು ನಾಶವಾಯಿತು. ಬಾಳೆಯ ತೋಟಗಳ ಸಾವಿರಾರು ಕೂಲಿಕಾರರು ಕೆಲಸ ಕಳೆದುಕೊಂಡರು. ಬಿತ್ತನೆಗೆಂದು ಇಟ್ಟಿದ್ದ ಕಾಳು ಕೊಚ್ಚಿಹೋಯಿತು, ಬಾವಿಗಳಲ್ಲಿ ಹೂಳು ತುಂಬಿತು. ನಿಕರಾಗುವಾದಲ್ಲಿ ಒಂದು ವಿಚಿತ್ರ ಸಂಕಟವೂ ಸೇರಿಕೊಂಡಿತು: 1980ರ ದಶಕದ ಯುದ್ಧದಲ್ಲಿ ಹೂತಿಟ್ಟಿದ್ದ ನೆಲಬಾಂಬುಗಳನ್ನು ನೆರೆ ಎಬ್ಬಿಸಿ ಬೇರೆಡೆಗೆ ಒಯ್ದಿತು. ಎಲ್ಲಿ ಕಾಲಿಡಬಾರದೆಂದು ಗೊತ್ತಿದ್ದ ರೈತನಿಗೆ ಈಗ ಅದೂ ಗೊತ್ತಿಲ್ಲವಾಯಿತು. ಇವೆಲ್ಲಕ್ಕಿಂತ ನಿಧಾನವಾಗಿ ತಿಳಿದುಬಂದ ನಷ್ಟ ಮೇಲ್ಮಣ್ಣಿನದು. ಮನೆಯನ್ನು ಎರಡು ವರ್ಷದಲ್ಲಿ ಕಟ್ಟಬಹುದು. ಕೊಚ್ಚಿಹೋದ ಒಂದು ಗೇಣು ಮಣ್ಣನ್ನು ಮೊಮ್ಮಕ್ಕಳ ಕಾಲಕ್ಕೂ ಕಟ್ಟಲಾಗುವುದಿಲ್ಲ.

ಇಲ್ಲಿಂದ ಮುಂದಿನ ಸಂಗತಿ ಕೃಷಿಕರು ವಿಶೇಷವಾಗಿ ಗಮನಿಸಬೇಕಾದದ್ದು. ಮಿಚ್‌ಗೂ ಮುಂಚೆ, 1970ರ ದಶಕದಿಂದಲೇ, ಮಧ್ಯ ಅಮೆರಿಕದಲ್ಲಿ 'ರೈತನಿಂದ ರೈತನಿಗೆ' ಎಂಬ ಚಳವಳಿ ಬೆಳೆದಿತ್ತು. ಅಧಿಕಾರಿ ಬಂದು ಪಾಠ ಹೇಳುವುದಿಲ್ಲ. ಒಬ್ಬ ರೈತ ತನ್ನ ಹೊಲದಲ್ಲಿ ಮಾಡಿ ನೋಡಿ, ನೆರೆಯವನನ್ನು ಕರೆದು ತೋರಿಸುತ್ತಾನೆ. ಎ ಅಕ್ಷರದ ಆಕಾರದ ಮರದ ಚೌಕಟ್ಟಿಗೆ ಒಂದು ದಾರ, ಒಂದು ಕಲ್ಲು ಕಟ್ಟಿ ಇಳಿಜಾರಿನ ಸಮಪಾತಳಿ ಗೆರೆ ಗುರುತಿಸುವುದು, ಆ ಗೆರೆಯ ಮೇಲೆ ಬದು ಹಾಕುವುದು, ಬದುವಿನ ಮೇಲೆ ಗಿಡದ ಸಾಲು, ಸುಡದೆ ಉಳಿಸಿದ ಸೊಪ್ಪು, ಹೊದಿಕೆಗೆ ದ್ವಿದಳ ಬಳ್ಳಿ. ಬೇಲಿಗೂ ಸೊಪ್ಪಿಗೂ ಅವರು ನೆಟ್ಟ ಗಿಡ ಗ್ಲಿರಿಸಿಡಿಯಾ, ಅಂದರೆ ಇಲ್ಲಿನ ತೋಟಗಳಲ್ಲಿ ಎಲ್ಲರೂ ಕಂಡಿರುವ ಗೊಬ್ಬರದ ಗಿಡ. ಅದರ ತವರು ಮಧ್ಯ ಅಮೆರಿಕವೇ. ಅವರ ಹೊದಿಕೆ ಬಳ್ಳಿಯಾದರೋ ನಸುಗುನ್ನಿಯ ಜಾತಿಯದು. ಅದರ ತವರು ಏಷ್ಯಾ. ಬಾಳೆಯ ಕಂಪನಿಗಳು ಹೇಸರಗತ್ತೆಗಳ ಮೇವಿಗೆಂದು ಬೆಳೆಸಿದ್ದನ್ನು ಅಲ್ಲಿನ ರೈತರು ಗೊಬ್ಬರಕ್ಕೆ ಒಗ್ಗಿಸಿಕೊಂಡರು. ಗಿಡಗಳು ಯಾವ ಒಪ್ಪಂದಕ್ಕೂ ಕಾಯದೆ ಹೀಗೆ ದೇಶ ಬದಲಿಸಿಕೊಂಡಿವೆ.

ಮಿಚ್ ಹೋದ ಮೇಲೆ ಈ ರೈತರಲ್ಲಿ ಒಂದು ಪ್ರಶ್ನೆ ಎದ್ದಿತು: ಇಷ್ಟು ವರ್ಷ ಬದು ಹಾಕಿದ್ದು ಉಪಯೋಗಕ್ಕೆ ಬಂತೇ? ಎರಿಕ್ ಹೋಲ್ಟ್-ಗಿಮೆನೆಜ್ ಎಂಬ ಸಂಶೋಧಕರ ಮಾರ್ಗದರ್ಶನದಲ್ಲಿ ಹೊಂಡುರಾಸ್, ನಿಕರಾಗುವಾ ಮತ್ತು ಗ್ವಾಟೆಮಾಲಾಗಳ 360 ಹಳ್ಳಿಗಳಲ್ಲಿ ರೈತರೇ ಅಳತೆಗೆ ಇಳಿದರು. ಒಟ್ಟು 1804 ತಾಕುಗಳು, ಎರಡೆರಡು ಜೋಡಿ. ಒಂದು ಬದು-ಹೊದಿಕೆ ಇರುವ ತಾಕು, ಇನ್ನೊಂದು ಅದೇ ಇಳಿಜಾರಿನ ರೂಢಿಯ ತಾಕು. ಗುಂಡಿ ತೋಡಿ ಮೇಲ್ಮಣ್ಣಿನ ಆಳ ಅಳೆದರು, ತೇವ ಎಷ್ಟು ಕೆಳಗಿದೆ ನೋಡಿದರು, ಕೊರಕಲುಗಳ ಉದ್ದಗಲ ಬರೆದುಕೊಂಡರು, ಲಾಭನಷ್ಟ ಲೆಕ್ಕ ಹಾಕಿದರು. ಬದು-ಹೊದಿಕೆಯ ತಾಕುಗಳಲ್ಲಿ ಮೇಲ್ಮಣ್ಣು ಶೇ. 20ರಿಂದ 40ರಷ್ಟು ಹೆಚ್ಚು ಉಳಿದಿತ್ತು. ತೇವ ಹೆಚ್ಚು, ಸವಕಳಿ ಕಡಿಮೆ, ನಷ್ಟವೂ ಕಡಿಮೆ. ಬಹುಮಟ್ಟಿಗೆ ಮಳೆ ಜೋರಾದಂತೆ, ಇಳಿಜಾರು ಹೆಚ್ಚಿದಂತೆ, ಬದು ಹಾಕಿ ಹೆಚ್ಚು ವರ್ಷ ಕಳೆದಂತೆ ಈ ಅಂತರವೂ ಹಿಗ್ಗುತ್ತಿತ್ತು. ಪಶ್ಚಿಮ ಹೊಂಡುರಾಸಿನ ಲೆಂಪೀರಾ ಪ್ರಾಂತ್ಯದಲ್ಲಿ 'ಕೆಸುಂಗ್ವಾಲ್' ಎಂಬ ಪದ್ಧತಿಯ ಹೊಲಗಳೂ ಹೀಗೆಯೇ ತಡೆದುಕೊಂಡವು. ಅಲ್ಲಿ ಮರವನ್ನು ಬುಡಸಮೇತ ತೆಗೆಯುವುದಿಲ್ಲ, ಸುಡುವುದಿಲ್ಲ. ಸವರಿ, ಸೊಪ್ಪನ್ನು ನೆಲಕ್ಕೆ ಹರಡಿ, ನಡುವೆ ಜೋಳ ಮತ್ತು ಕಾಳು ಬಿತ್ತುತ್ತಾರೆ. ಹಿಂದಿನ ವರ್ಷ, 1997ರ ಬರದಲ್ಲಿಯೂ ಆ ಹೊಲಗಳು ಬೇರೆಯವುಗಳಿಗಿಂತ ಚೆನ್ನಾಗಿ ನಿಂತಿದ್ದವು. ಬರಕ್ಕೂ ನೆರೆಗೂ ಮದ್ದು ಒಂದೇ ಆಗಿರಬಹುದೆಂಬುದು ಮೇಲ್ನೋಟಕ್ಕೆ ವಿಚಿತ್ರ, ಯೋಚಿಸಿದರೆ ಸಹಜ.

ಆದರೆ ಆ ಅಧ್ಯಯನದ ಇನ್ನೊಂದು ಅರ್ಧವನ್ನು ಸಾವಯವ ಕೃಷಿಯ ಉತ್ಸಾಹಿಗಳು ಹೇಳುವುದೇ ಇಲ್ಲ. ಮಳೆಯ ಹೊಡೆತ ಒಂದು ಮಿತಿ ದಾಟಿದಲ್ಲಿ ಕೆಲವು ಅಳತೆಗಳಲ್ಲಿ ಬದು-ಹೊದಿಕೆಯ ತಾಕೂ ರೂಢಿಯ ತಾಕಿನಂತೆಯೇ ಸೋತಿತ್ತು. ಮತ್ತೆ, ಎಷ್ಟೋ ಕಡೆ ಒಳ್ಳೆಯ ಹೊಲ ಹಾಳಾದದ್ದು ತನ್ನ ದೋಷದಿಂದಲ್ಲ. ಮೇಲಿನ ಬೋಳು ಜಾಗದಿಂದ ಜಾರಿ ಬಂದ ಮಣ್ಣಿನಿಂದ. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಬದುಗಳ ಮೇಲೆ ಮೇಲಿನ ಸಾಹುಕಾರನ ದನದ ಹುಲ್ಲುಗಾವಲು ಬಂದು ಕೂತರೆ ರೈತ ಏನು ಮಾಡಬೇಕು? ಒಬ್ಬನ ಹೊಲ ಎಷ್ಟೇ ಚೆನ್ನಾಗಿದ್ದರೂ ಗುಡ್ಡ ಒಂದೇ. ಪಹಣಿಯಲ್ಲಿ ಸರ್ವೆ ನಂಬರುಗಳ ಗಡಿ ಇದೆ, ನೀರಿಗೆ ಆ ಗಡಿ ಕಾಣುವುದಿಲ್ಲ.

ಈ ಮಾತನ್ನು ಇಟ್ಟುಕೊಂಡು ಈಗ ಮಲೆನಾಡಿನತ್ತ ತಿರುಗಬಹುದು. 2018ರ ಆಗಸ್ಟ್ ನಡುವಿನಲ್ಲಿ, ಆಶ್ಲೇಷ ಮಳೆ ಮುಗಿದು ಮಘೆ ಹುಟ್ಟುವ ಹೊತ್ತಿಗೆ, ಕೊಡಗಿನ ಜೋಡುಪಾಲ, ಮಕ್ಕಂದೂರು, ಕಾಲೂರು, ಮಾದಾಪುರದ ಸುತ್ತಿನ ಗುಡ್ಡಗಳು ಜಾರಿದವು. ಜೂನ್‌ನಿಂದಲೇ ನೆನೆದಿದ್ದ ನೆಲಕ್ಕೆ ಕೊನೆಯ ಕೆಲವು ದಿನಗಳ ಮಳೆ ಭಾರವಾಯಿತು. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಎಂದು ಇಳಿಜಾರಿನ ಬುಡ ಕಡಿದ ಜಾಗಗಳು ಮತ್ತೆ ಮತ್ತೆ ಕುಸಿತದ ಪಟ್ಟಿಯಲ್ಲಿ ಕಂಡವು. ಇಂದು ಮಲೆನಾಡಿನ ಯಾವ ಊರಿಗೆ ಹೋದರೂ ಜೆಸಿಬಿಯ ಸದ್ದಿದೆ. ಅಡಿಕೆಯ ಧಾರಣೆ ಏರಿದಂತೆ ತೋಟ ಗುಡ್ಡಕ್ಕೆ ಏರಿದೆ. ಧರೆ ಕಡಿದು ಮಟ್ಟ ಮಾಡಿದ ಸಾಲುಗಳು, ಇಳಿಜಾರಿಗೆ ಉದ್ದುದ್ದ ಏರಿ ಹಾಕಿದ ಶುಂಠಿ, ಎಲೆ ಉದುರಿಸದೆ ನೆಲ ಕಾಯ್ದುಕೊಂಡಿದ್ದ ಕಾನಿನ ಜಾಗದಲ್ಲಿ ಬುಡ ಬೋಳಾದ ನೆಡುತೋಪು. ಕೆಳಗೆ, ವಾರಗಟ್ಟಲೆ ನೀರು ಹಿಡಿದಿಡುತ್ತಿದ್ದ ಗದ್ದೆಗಳನ್ನು ಮುಚ್ಚಿ ಮತ್ತೂ ಅಡಿಕೆ. ಮೇಲೆ ನೀರು ಬೇಗ ಬಿಡುವ ವ್ಯವಸ್ಥೆ, ಕೆಳಗೆ ನೀರು ಹಿಡಿಯದ ವ್ಯವಸ್ಥೆ. ಎರಡನ್ನೂ ಏಕಕಾಲದಲ್ಲಿ ಮಾಡಲಾಗಿದೆ.

ಇದನ್ನು ಸರ್ಕಾರದ ಮೇಲೆ ಮಾತ್ರ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಹಿರಿಯರು ಅದನ್ನು ತೋಟದ ತಾಯಿಯೆಂದು ನೋಡಿಕೊಂಡರು. ಈಗ ಎಷ್ಟು ಬೆಟ್ಟಗಳಲ್ಲಿ ಮರವಿದೆ, ಎಷ್ಟರಲ್ಲಿ ದರಕು ನೆಲ ಮುಟ್ಟುವ ಮೊದಲೇ ಗುಡಿಸಲ್ಪಡುತ್ತದೆ, ಎಷ್ಟು ಕಡೆ ಬೆಟ್ಟವೇ ತೋಟವಾಗಿದೆ ಎಂಬುದು ಸಭೆಯಲ್ಲಿರುವವರಿಗೆಲ್ಲ ಗೊತ್ತು. ಕೂಲಿಯಿಲ್ಲ, ಧಾರಣೆ ನಿಲ್ಲುವುದಿಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ, ಕಾರಣಗಳು ಸುಳ್ಳಲ್ಲ. ಆದರೆ ಆ ಬೆಟ್ಟದ ಕೆಳಗೆ ಇರುವವನು ಹೆಚ್ಚಾಗಿ ಕೂಲಿಯವನೇ, ಹಳ್ಳದ ಅಂಚಿನ ನಾಲ್ಕು ಗುಂಟೆ ಜಾಗದಲ್ಲಿ.

ಇನ್ನೊಂದು ವಿಷಯವನ್ನು ಪರಿಸರಪ್ರಿಯರ ಸಭೆಯಲ್ಲಿ ಹೇಳುವುದು ಸ್ವಲ್ಪ ಮುಜುಗರದ್ದು. ಇಂಗುಗುಂಡಿ ಎಲ್ಲ ಕಡೆಗೂ ಸಲ್ಲುವುದಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದಾಗ, ಬೆಟ್ಟದ ಮೇಲೆ ತೋಡಿದ್ದ ಗುಂಡಿಗಳ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಆ ಕುಸಿತದ ಕಾರಣ ಏನೇ ಇರಲಿ, ತತ್ವ ಸರಳ. ಕಡಿದಾದ ಇಳಿಜಾರಿನಲ್ಲಿ ದಪ್ಪ ಮಣ್ಣಿನ ಪದರ, ಅದರಡಿ ನೀರು ಬಿಡದ ಜೇಡಿ ಅಥವಾ ಬಂಡೆ ಇದ್ದರೆ, ಇಂಗಿಸಿದ ನೀರು ಆ ಎರಡರ ನಡುವೆ ನಿಂತು ಮೇಲಿನ ಪದರವನ್ನು ಎತ್ತಿ ಜಾರಿಸುತ್ತದೆ. ಉತ್ತರ ಹೊಂಡುರಾಸಿನ ರೈತರೂ ನಸುಗುನ್ನಿಯನ್ನು ಹೊಗಳುತ್ತಲೇ, ತೀರ ಕಡಿದಾದ ಜಾಗದಲ್ಲಿ ಅದು ನೆಲ ಜಾರಿಸುತ್ತದೆ, ಹಾವು ಇಲಿಗಳಿಗೆ ಮನೆಯಾಗುತ್ತದೆ ಎಂದು ದೂರಿದ್ದುಂಟು. ಆದ್ದರಿಂದ ಇಂಗಿಸುವ ಕೆಲಸ ಮಂದ ಇಳಿಜಾರಿಗೆ, ಮೇಲಿನ ಚಪ್ಪಟೆ ಹಕ್ಕಲಿಗೆ ಇರಲಿ. ಕಡಿದಾದ ಮಗ್ಗುಲಿಗೆ ಬೇಕಾದದ್ದು ಆಳದ ಬೇರಿನ ಮರಗಳು, ಮುಚ್ಚದ ಹಳ್ಳ, ಮಳೆಗಾಲದ ನೀರನ್ನು ಮೆಲ್ಲಗೆ ಹೊರಗೆ ಕರೆದೊಯ್ಯುವ ಕಾಲುವೆ. ಅಲ್ಲಿ ಜೆಸಿಬಿಯನ್ನೂ ತರಬಾರದು, ಜಲಸಂರಕ್ಷಣೆಯ ಹೆಸರಿನ ಗುದ್ದಲಿಯನ್ನೂ ತರಬಾರದು.

ಇಷ್ಟು ಮಾಡಿಯೂ ಗುಡ್ಡ ಜಾರಬಹುದು. 2024ರ ಜುಲೈ 30ರ ನಸುಕಿನಲ್ಲಿ, ಪುಷ್ಯ ಮಳೆಯಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳನ್ನು ಕೊಚ್ಚಿಕೊಂಡು ಹೋದ ಕುಸಿತ ಹುಟ್ಟಿದ್ದು ಜನವಸತಿಯಿಲ್ಲದ ಎತ್ತರದ ಕಾಡಿನ ಇಳಿಜಾರಿನಲ್ಲಿ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚಹಾ ತೋಟದ ಕೂಲಿಲೈನುಗಳ ಸಂಸಾರಗಳು, ಕರ್ನಾಟಕದಿಂದ ಹೋಗಿ ನೆಲೆಸಿದ್ದವರೂ ಅವರಲ್ಲಿದ್ದರು. ಅಲ್ಲಿನ ಹ್ಯೂಮ್ ಕೇಂದ್ರವೆಂಬ ಸಂಸ್ಥೆ ಜಿಲ್ಲೆಯ ತುಂಬ ಸ್ಥಳೀಯರ ನೆರವಿನಿಂದ ಮಳೆಮಾಪಕಗಳನ್ನು ಇಟ್ಟು ದಿನವೂ ಲೆಕ್ಕ ಬರೆಯುತ್ತದೆ. ಆ ಲೆಕ್ಕದ ಆಧಾರದ ಮೇಲೆ ಅದು 29ರಂದೇ ಅಪಾಯದ ಎಚ್ಚರಿಕೆ ಕೊಟ್ಟಿತ್ತು. ನಿಕರಾಗುವಾದಲ್ಲಿಯೂ ಕಸೀಟಾ ಕುಸಿದ ಸುದ್ದಿಯನ್ನು ಮೊದಲು ಹೊರಗೆ ಕೂಗಿ ಹೇಳಿದವರು ಪೊಸೊಲ್ತೆಗಾ ಪಟ್ಟಣದ ಮೇಯರ್ ಫೆಲಿಸಿತಾ ಸೆಲೆದೋನ್ ಎಂಬ ಹೆಣ್ಣುಮಗಳು. ರಾಜಧಾನಿ ಅವರ ಮಾತನ್ನು ನಂಬಲಿಲ್ಲ. ಸುದ್ದಿ ಇರುವುದು ಬೇರೆ, ಅದು ಕೇಳಬೇಕಾದವರ ಕಿವಿಗೆ ಬಿದ್ದು ಅವರು ಎದ್ದು ಹೊರಡುವುದು ಬೇರೆ.

ಎದ್ದು ಹೊರಟ ಊರೂ ಒಂದಿದೆ. ಹೊಂಡುರಾಸಿನ ಉತ್ತರ ಕರಾವಳಿಯ ಲಾ ಮಾಸಿಕಾ ಎಂಬ ಪ್ರದೇಶದಲ್ಲಿ ಮಿಚ್‌ಗೆ ಒಬ್ಬರೂ ಬಲಿಯಾಗಲಿಲ್ಲ. ಅಲ್ಲಿ ಮುಂಚೆಯೇ ಮಳೆಮಾಪಕ, ಹೊಳೆಯ ಅಳತೆಗಂಬ, ರೇಡಿಯೋಗಳಿಂದ ಒಂದು ಎಚ್ಚರಿಕೆ ವ್ಯವಸ್ಥೆ ಕಟ್ಟಲಾಗಿತ್ತು. ಮೇಲಿನ ಹಳ್ಳಿಯವರು ಅಳೆದು ಕೆಳಗಿನ ಹಳ್ಳಿಯವರಿಗೆ ಹೇಳಬೇಕು. ಸ್ವಲ್ಪ ಕಾಲದ ಮೇಲೆ ಗಂಡಸರು ಆ ಕೆಲಸವನ್ನು ಬಿಟ್ಟುಬಿಟ್ಟರು. ದಿನವೂ ಬರೆಯುವುದು ಬೇಸರದ ಕೆಲಸ. ಹೆಂಗಸರು ಅದನ್ನು ಕೈಗೆತ್ತಿಕೊಂಡು ನಡೆಸಿದರು. ಮಿಚ್ ಬಂದಾಗ ಅವರ ಪುಸ್ತಕದ ಅಂಕಿ ನೋಡಿಯೇ ಜನರನ್ನು ಸಮಯಕ್ಕೆ ಸ್ಥಳಾಂತರಿಸಲಾಯಿತು.

ಇಂತಹ ಕೆಲಸಕ್ಕೆ ಪ್ರತಿ ಶಾಲೆಯಲ್ಲಿ ಒಂದು ಮಳೆಮಾಪಕ ಸಾಕು, ಬೆಳಿಗ್ಗೆ 8.30ಕ್ಕೆ ಬರೆಯುವ ಇಬ್ಬರು ವಿದ್ಯಾರ್ಥಿಗಳು ಸಾಕು. ಜಡಿಮಳೆಯ ದಿನ ಮೂರು ಗಂಟೆಗೊಮ್ಮೆ ಬರೆಯಬೇಕು. ಹಳ್ಳದ ಮೇಲಿನ ಊರಿನ ಅಂಕಿ ಕೆಳಗಿನ ಊರಿಗೆ ಆಗಲೇ ಹೋಗಬೇಕು. ಪಂಚಾಯಿತಿಯ ಕಡತಕ್ಕೆ ಆಮೇಲೆ ಹೋದರೂ ನಡೆಯುತ್ತದೆ. ಮೊಬೈಲ್ ಗೋಪುರ ಮೊದಲು ಸಾಯುವುದು ಇಂತಹ ರಾತ್ರಿಯಲ್ಲಿಯೇ, ಆದ್ದರಿಂದ ಜಾಗಟೆಯೋ ಶಂಖವೋ ಒಂದು ಗುರುತು ಗೊತ್ತುಮಾಡಿಕೊಂಡಿರಬೇಕು. ಯಾವ ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ, ಯಾರ ಮನೆಗೆ ಅವರನ್ನು ಒಯ್ಯಬೇಕು ಎಂಬುದು ಜೂನ್‌ಗೆ ಮುಂಚೆಯೇ ತೀರ್ಮಾನವಾಗಿರಬೇಕು.

ಮಾಪಕವಿಲ್ಲದಿದ್ದರೂ ಗುಡ್ಡ ಕೆಲವು ಗುರುತುಗಳನ್ನು ಕೊಡುತ್ತದೆ. ಧರೆಯ ಮೇಲ್ಭಾಗದಲ್ಲಿ ಕಮಾನಿನಂತೆ ಬಿರುಕು, ನೆಟ್ಟಗಿದ್ದ ಅಡಿಕೆ ಮರದ ಸಾಲು ಓಲುವುದು, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕೂಡದಿರುವುದು, ಎಂದೂ ಜಲ ಏಳದಿದ್ದ ಕಡೆ ಜಲ ಏಳುವುದು, ತಿಳಿಯಾಗಿದ್ದ ಅಬ್ಬಿ ನೀರು ಕೆಂಪಾಗುವುದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು. ಎಲ್ಲಕ್ಕಿಂತ ಕೆಟ್ಟ ಗುರುತೊಂದಿದೆ, ಅದು ನೋಡಲು ಶುಭವೆಂಬಂತೆ ಕಾಣುತ್ತದೆ: ಮಳೆ ಸುರಿಯುತ್ತಲೇ ಇರುವಾಗ ಹಳ್ಳದ ನೀರು ತಟ್ಟನೆ ಇಳಿಯುವುದು. ನೆರೆ ಇಳಿಯಿತೆಂದು ಜನ ಸಾಮಾನು ತರಲು ಮನೆಯೊಳಗೆ ಹೋಗುತ್ತಾರೆ. ಆಗ ಮೇಲೆಲ್ಲೋ ಮಣ್ಣು ಮರಗಳು ಬಿದ್ದು ಹಳ್ಳಕ್ಕೆ ಕಟ್ಟೆ ಕಟ್ಟಿವೆ ಎಂದರ್ಥ, ಆ ಕಟ್ಟೆ ಒಡೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹಳ್ಳದ ಗುಂಟ ಕೆಳಕ್ಕೆ ಓಡದೆ, ಕೈಗೆ ಸಿಕ್ಕ ಮಗುವನ್ನು ಎತ್ತಿಕೊಂಡು, ಪಕ್ಕದ ದಿಬ್ಬ ಏರಬೇಕು.